ಒಲೆ ಹಚ್ಚದ ದಿನದ ಪ್ರಾಣಿಗಳು

ಆದರೆ ಅಜ್ಜ ಅವತ್ತು ಟೀ ಕುಡಿದದ್ದು ನನಗೆ ನೆನಪಿದೆ. ಒಲೆ ಹಚ್ಚದ ಮನೆಯಲ್ಲಿ ಟೀ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಇಡೀ ದಿನವೇ ಅನುಮಾನಕ್ಕೆ ಬೀಳುತ್ತದೆ. ನಾಗರಪಂಚಮಿಯ ದಿನ ನಮ್ಮ ಮನೆಯಲ್ಲಿ ಒಲೆಗೆ ಬೆಂಕಿ ಹಾಕುತ್ತಿರಲಿಲ್ಲ, ಇಷ್ಟು ಖಚಿತ. ಹಿಂದಿನ ದಿನವೇ ಅಜ್ಜಿ ಬೂದಿ ಬಳಿದು, ಸೆಗಣಿಯಿಂದ ಸಾರಿಸಿ, ಒಲೆಯ ಬಾಯಿಗೆ ರಂಗೋಲಿ ಎಳೆದು, ನಾಳೆ ಇವಳಿಗೆ ರಜಾ ಎನ್ನುತ್ತಿದ್ದಳು. ಹುತ್ತಕ್ಕೆ ಹಾಲೆರೆಯುವ ದಿನ ಏನನ್ನೂ ಸುಡಬಾರದು, ಹುರಿಯಬಾರದು, ಹೆಚ್ಚಬಾರದು, ನೆಲ ಅಗೆಯಬಾರದು. ಹಾಗಾದರೆ ಅಜ್ಜನ ಟೀ? ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕುಡಿದು ಬಂದಿರಬೇಕು. ಆದರೆ ನನ್ನ ಕಣ್ಣಿಗೆ ಕಾಣುವುದು ಹೋಟೆಲಲ್ಲ. ನಮ್ಮ ಕಟ್ಟೆಯ ಮೇಲೆ ಕುಂತು, ಬಸಿಗೆ ಸುರಿದುಕೊಂಡು ಊದುತ್ತಿರುವ ಅಜ್ಜ. ಬೇರೆ ಯಾವುದೋ ದಿನದ ಅಜ್ಜನನ್ನು ತಂದು ನಾನು ಈ ದಿನದಲ್ಲಿ ಕೂರಿಸಿದ್ದೇನೆ. ಅಜ್ಜನನ್ನು ಹಾಗೆ ಕೂರಿಸಬಲ್ಲವಳು ಇನ್ನೊಬ್ಬರನ್ನೂ ಕೂರಿಸಬಲ್ಲೆ. ಕೆಂಚಿಯ ವಿಷಯದಲ್ಲಿ ನಾನು ಮಾಡಿದ್ದು ಇದನ್ನೇನಾ ಎಂದು ಐವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಈಗ ಆ ಪ್ರಶ್ನೆಗಿಂತ ಅದನ್ನು ಕೇಳುವ ನನ್ನ ದನಿಯೇ ನನಗೆ ಬೇಸರ ತರಿಸಿದೆ.

ನಮ್ಮ ಮನೆ ಹೊಸದುರ್ಗದ ಅಂಚಿನಲ್ಲಿತ್ತು, ತೆಂಗಿನ ತೋಟಗಳು ಮುಗಿದು ಬಯಲು ಶುರುವಾಗುವಲ್ಲಿ. ಮುಂದೆ ಮುಳ್ಳುಬೇಲಿಯ ಕುರಿ ರೊಪ್ಪ, ಅದರ ಪಕ್ಕ ಕಟ್ಟೆ, ಕಟ್ಟೆ ಹತ್ತಿದರೆ ಪಡಸಾಲೆ, ಅದನ್ನು ದಾಟಿದರೆ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಯಾವ ಕೋಣೆಯಲ್ಲಿ ಮಲಗಿದರೂ ಕುರಿಯ ವಾಸನೆ ತಲೆಗೂದಲಿಗೆ ಅಂಟಿಕೊಳ್ಳುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಕೆಂಚಿ ಬಂದ ಮೇಲೆ ಆ ತೊಂದರೆ ತಪ್ಪಿತು, ಯಾಕೆಂದರೆ ನನ್ನ ಪಕ್ಕ ಅವಳು ಕೂತಳು, ಅವಳ ತಲೆಯಲ್ಲೂ ಅದೇ ವಾಸನೆಯಿತ್ತು. ಕೆಂಚಿ ನನ್ನ ಸೋದರತ್ತೆಯ ಮಗಳು, ನನ್ನದೇ ವಯಸ್ಸು, ಹತ್ತೋ ಹನ್ನೊಂದೋ. ತಾಳ್ಯದಿಂದಾಚೆ ಅವರ ಹಟ್ಟಿ. ಅಲ್ಲಿ ನಾಲ್ಕನೇ ತರಗತಿಗೆ ಶಾಲೆ ಮುಗಿಯುತ್ತಿತ್ತು. ಮುಂದೆ ಓದಲೇಬೇಕೆಂದು ಮೂರು ದಿನ ಊಟ ಬಿಟ್ಟು ಹಟ ಹಿಡಿದವಳನ್ನು ಅತ್ತೆ ತಂದು ನಮ್ಮ ಮನೆಯಲ್ಲಿ ಬಿಟ್ಟಿದ್ದಳು. ಮೂರು ದಿನ ಎನ್ನುವುದು ನಾನು ಸೇರಿಸಿದ್ದಿರಬಹುದು. ಒಂದು ಹೊತ್ತು ಬಿಟ್ಟಿದ್ದರೂ ಅವರ ಮನೆಯಲ್ಲಿ ಅದು ದೊಡ್ಡ ಸುದ್ದಿಯೇ. ನಾವಿಬ್ಬರೂ ಒಂದೇ ಕಂಬಳಿಯ ಮೇಲೆ ಮಲಗುತ್ತಿದ್ದೆವು. ಲೆಕ್ಕದಲ್ಲಿ ಅವಳು ನನಗಿಂತ ಬಹಳ ಮುಂದಿದ್ದಳು. ನಾನು ಬೆರಳು ಮಡಚುತ್ತಿರುವಾಗ ಅವಳು ಉತ್ತರ ಹೇಳಿ ಕಿಟಕಿಯಾಚೆ ನೋಡುತ್ತಿದ್ದಳು. ಇದು ನನ್ನ ಕಲ್ಪನೆಯಲ್ಲ. ನನಗೆ ಆಗ ಆಗುತ್ತಿದ್ದ ಹೊಟ್ಟೆಕಿಚ್ಚು ಇನ್ನೂ ಹಾಗೇ ಇದೆ, ಅದನ್ನು ಯಾರೂ ಕಲ್ಪಿಸಿಕೊಳ್ಳುವುದಿಲ್ಲ.

ಒಲೆ ಹಚ್ಚದ ದಿನದ ಊಟವೆಂದರೆ ಚಿಗಳಿ ಮತ್ತು ಹಸಿ ತಂಬಿಟ್ಟು. ಕರಿ ಎಳ್ಳು, ಬೆಲ್ಲ ಸೇರಿಸಿ ಒರಳಲ್ಲಿ ಕುಟ್ಟಿ, ಎಣ್ಣೆ ಬಿಡುವ ತನಕ ಕುಟ್ಟಿ ಮಾಡಿದ್ದು ಚಿಗಳಿ. ನೆನೆಸಿದ ಅಕ್ಕಿಯನ್ನು ನೆರಳಲ್ಲಿ ಬಟ್ಟೆಯ ಮೇಲೆ ಹರಡಿ, ಪಸೆ ಆರುವ ಮುಂಚೆ ಕುಟ್ಟಿ ಹಿಟ್ಟು ಮಾಡಿ, ಬೆಲ್ಲ ಕೊಬ್ಬರಿ ಕಲಸಿದರೆ ತಂಬಿಟ್ಟು. ಒಂದು ಕಪ್ಪು, ಇನ್ನೊಂದು ಬಿಳಿ. ಪಂಚಮಿಯ ದಿನ ಒನಕೆಯನ್ನೂ ಮುಟ್ಟಬಾರದಾದ್ದರಿಂದ ಕುಟ್ಟುವುದೆಲ್ಲ ಹಿಂದಿನ ದಿನವೇ ಮುಗಿದಿರುತ್ತಿತ್ತು. ಕಲಸಿ ಉಂಡೆ ಕಟ್ಟುವುದಷ್ಟೇ ಉಳಿದದ್ದು, ಅದನ್ನು ಅಜ್ಜಿ ಮಕ್ಕಳಿಗೆ ಬಿಡುತ್ತಿದ್ದಳು. ಉಂಡೆ ಕಟ್ಟಿ ಎಂದರೆ ಮಕ್ಕಳು ಉಂಡೆ ಕಟ್ಟುತ್ತಾರೆಯೇ? ಕುರಿ ಸಾಕುವ ಮನೆಗಳ ಮಕ್ಕಳು ನಾವು, ಕಪ್ಪು ಬಿಳಿ ಎರಡೂ ಕೈಗೆ ಸಿಕ್ಕ ಮೇಲೆ ಕುರಿಯನ್ನೇ ಮಾಡುತ್ತಿದ್ದೆವು. ಕೇರಿಯ ಐದಾರು ಮಕ್ಕಳೂ ನಮ್ಮ ಪಡಸಾಲೆಗೆ ಬಂದು ಸೇರುತ್ತಿದ್ದರು. ಕಿವಿಗೆ ಕಡಲೆಬೀಜದ ಬೇಳೆ, ಕಣ್ಣಿಗೆ ನೆನೆಸಿದ ಹೆಸರುಕಾಳು, ಕೊಂಬಿಗೆ ಕೊಬ್ಬರಿ ಚೂರು. ಚೂರು ಸಹ ಕೈಯಲ್ಲಿ ಮುರಿದದ್ದೇ, ಈಳಿಗೆ ಅವತ್ತು ಗೋಡೆಗೆ ಒರಗಿಕೊಂಡು ನಿದ್ದೆ ಮಾಡಬೇಕಿತ್ತು.

ಈ ಕಟ್ಟುಪಾಡು ನನ್ನ ಅವ್ವನಿಗೆ ಆಗಿಬರುತ್ತಿರಲಿಲ್ಲ. ಅವ್ವ ಹಿರಿಯೂರಿನ ಕಡೆಯವಳು. ಪ್ರತಿ ಪಂಚಮಿಗೂ ಅತ್ತೆ ಸೊಸೆಗೆ ಒಂದೇ ಜಗಳ.

"ಹಿರಿಯೂರಾಗೆ ನಮ್ಮನೇಲಿ ಕಡುಬು ಬೇಯಿಸ್ತೀವಪ್ಪ. ಬೇಯ್ಸೋದು ಬ್ಯಾರೆ, ಸುಡೋದು ಬ್ಯಾರೆ. ಮಕ್ಳು ಹಸ್ಕೊಂಡು ಕುಂತಿದ್ರೆ ಹಾವು ಬಂದು ಉಣ್ಣಕಿಕ್ಕುತ್ತೇನು?"

"ಹಿರಿಯೂರ ಹಾವು ಬ್ಯಾರೆ, ನಮ್ ಹಾವು ಬ್ಯಾರೆ ಕಣಮ್ಮ. ನಿಮ್ಮವಕ್ಕೆ ಕಡುಬು ಆಗ್ತೈತೇನೋ."

ಅಜ್ಜಿ ಇದನ್ನು ನಗದೆ ಹೇಳುತ್ತಿದ್ದಳು. ಅವ್ವ ಬಿಂದಿಗೆ ಎತ್ತಿಕೊಂಡು ನೀರಿಗೆ ಹೋಗಿಬಿಡುತ್ತಿದ್ದಳು. ನಾವು ಮಕ್ಕಳು ಹಾವುಗಳಿಗೂ ತವರು, ತಾಲ್ಲೂಕು ಇರುತ್ತದೆಂದು ನಂಬಿದ್ದೆವು.

ಆ ವರ್ಷದ ಪಡಸಾಲೆ ನನಗೆ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಾಣುತ್ತದೆಂಬ ಕಾರಣಕ್ಕೇ ಅದನ್ನು ನಂಬಬಾರದು ಎಂದು ನನಗೆ ಗೊತ್ತು. ಇದನ್ನು ಮೊದಲ ಸಲ ಬರೆದಾಗ ಹೊರಗೆ ಸೋನೆ ಮಳೆ ಬರುತ್ತಿತ್ತು, ಎರಡನೇ ಸಲ ಬರೆದಾಗ ಬಿಸಿಲಿತ್ತು. ಮಳೆ, ಬಿಸಿಲು ಎರಡನ್ನೂ ತೆಗೆದುಹಾಕಿದ ಮೇಲೆ ಉಳಿದದ್ದು ಇದು: ಗೋಣಿತಾಟಿನ ಮೇಲೆ ಸಾಲಾಗಿ ಕೂತ ಮಕ್ಕಳು, ಕೈಗಳೆಲ್ಲ ಎಳ್ಳೆಣ್ಣೆಯ ಜಿಡ್ಡು, ನಡುವೆ ಒಂದು ಹಲಗೆ, ಹಲಗೆಯ ಮೇಲೆ ಪ್ರಾಣಿಗಳು. ಕಂಬಕ್ಕೆ ಒರಗಿ ಕೂತ ಚಿಕ್ಕವ್ವ, ಅಂದರೆ ಚಿಕ್ಕಪ್ಪನ ಹೆಂಡತಿ, ಏಳು ತಿಂಗಳ ಬಸುರಿ. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸುರು ಅದು. ಮನೆಯಲ್ಲಿ ಎಲ್ಲರೂ ಅವಳ ಸುತ್ತ ಮೆಲ್ಲಗೆ ಕಾಲಿಡುತ್ತಿದ್ದರು. ಮತ್ತೆ ನನ್ನ ತಮ್ಮ ಓಬಳೇಶ, ಆರು ವರ್ಷದವನು, ಮಾಡುವುದಕ್ಕಿಂತ ನೆಕ್ಕುವುದೇ ಹೆಚ್ಚು.

"ಲೇ ಓಬ್ಳೇಶ, ಅದೇನಲೆ, ಹಂದಿ ಮಾಡಿದೀಯ?" ಎಂದಳು ಕೆಂಚಿ.

"ಹಂದಿ ಅಲ್ಲ, ಟಗರು."

"ಟಗರಿಗೆ ಕೊಂಬೆಲ್ಲೈತೆ?"

"ಇತ್ತು. ತಿಂದ್ಬಿಟ್ಟೆ."

ಪೂಜೆಗೆ ಮುಂಚೆ ತಿನ್ನಬಾರದಿತ್ತು. ಎಲ್ಲರೂ ನಕ್ಕದ್ದರಿಂದ ಅಜ್ಜಿಗೆ ಬೈಯಲಾಗಲಿಲ್ಲ. ನಮ್ಮೆಲ್ಲರ ಕುರಿಗಳೂ ಕಾಲು ಮುರಿದು ಬೀಳುತ್ತಿದ್ದವು. ತಂಬಿಟ್ಟಿನ ಕಾಲು ತಂಬಿಟ್ಟಿನ ಮೈಯನ್ನು ಹೊರುವುದಿಲ್ಲ. ಕೆಂಚಿಯ ಕುರಿಗಳು ಮಾತ್ರ ಬೀಳುತ್ತಿರಲಿಲ್ಲ, ಯಾಕೆಂದರೆ ಅವು ಕಾಲು ಮಡಚಿ ಮಲಗಿದ್ದವು. ಒಂದು ಕತ್ತು ಹಿಂದಕ್ಕೆ ತಿರುಗಿಸಿ ಬೆನ್ನು ಕಚ್ಚುತ್ತಿತ್ತು. ಒಂದರ ಹೊಟ್ಟೆಗೆ ಮರಿ ಆನಿಕೊಂಡಿತ್ತು.

"ಇದೇನೇ ಮೋಸ? ಕಾಲೇ ಇಲ್ಲ!" ಎಂದೆ ನಾನು.

"ನನ್ ಕುರಿ ಮೇಯ್ಕಂಡು ಬಂದು ಮೆಲುಕು ಹಾಕ್ತಾ ಮಲಗ್ಯವೆ. ನಿಮ್ವು ಇನ್ನೂ ಮೇಯಕ್ಕೇ ಹೋಗಿಲ್ಲ, ಅದ್ಕೆ ಹಸಿವಿಗೆ ಬೀಳ್ತಾವೆ."

ಚಿಕ್ಕವ್ವ ಕಂಬದಿಂದ ಮುಂದಕ್ಕೆ ಬಾಗಿ ನೋಡಿದಳು. "ನಂಗೊಂದು ಮರಿ ಮಾಡ್ಕೊಡೆ ಕೆಂಚಿ."

"ಗಂಡು ಮರಿನೋ, ಹೆಣ್ಣು ಮರಿನೋ?"

"ನಿಂಗೇನ್ ಅನ್ನಿಸ್ತೈತೋ ಅದು."

ಕೆಂಚಿ ಬಿಳಿ ಮರಿಯೊಂದನ್ನು ಮಾಡಿ ಅವಳ ಅಂಗೈ ಮೇಲಿಟ್ಟಳು. ಬಸುರಿಗೆ ಉಪವಾಸವಿಲ್ಲ, ಅವಳು ಬೇಕಾದರೆ ಈಗಲೇ ತಿನ್ನಲಿ ಎಂದಳು ಅಜ್ಜಿ. ಚಿಕ್ಕವ್ವ ತಿನ್ನದೆ ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಇನ್ನು ಹಾವು. ಚಿಗಳಿಯ ಮೊದಲ ಮುದ್ದೆಯನ್ನು ಹಾವಿಗೆಂದು ತೆಗೆದಿಟ್ಟು, ಆಮೇಲೆ ಉಳಿದ ಪ್ರಾಣಿಗಳು. ಇದು ನಮ್ಮ ಮನೆಯ ಪದ್ಧತಿ. ಹಾವು ಹುತ್ತಕ್ಕೆ ಸೇರಿದ್ದು, ಅದರ ಒಂದು ಕಣವನ್ನೂ ಯಾರೂ ಬಾಯಿಗೆ ಹಾಕುವಂತಿಲ್ಲ. ಪ್ರತಿ ವರ್ಷ ಅಜ್ಜಿಯೇ ಮಾಡುತ್ತಿದ್ದಳು: ಹೆಬ್ಬೆರಳು ದಪ್ಪದ್ದು, ಮೂರು ಸುತ್ತು ಸುತ್ತಿ, ನಡುವೆ ಹೆಡೆ ಎತ್ತಿ ಕೂರಿಸಿದ್ದು. ಆ ವರ್ಷ ಅವಳ ಕಣ್ಣಿಗೆ ಪೊರೆ ಬಂದಿತ್ತು. ಮೊಮ್ಮಕ್ಕಳಲ್ಲಿ ದೊಡ್ಡವಳೆಂದು ಮುದ್ದೆಯನ್ನು ನನ್ನ ಕೈಗೆ ಕೊಟ್ಟು, "ಸುತ್ತಿ ಮಾಡು, ಉದ್ದ ಎಳೀಬ್ಯಾಡ" ಎಂದಳು. ನಾನು ಉದ್ದ ಎಳೆದೆ. ಕೆಂಚಿಯ ಮಲಗಿದ ಕುರಿಗಳನ್ನು ಎಲ್ಲರೂ ನೋಡುತ್ತಿದ್ದರು, ನನ್ನ ಕೈಯಲ್ಲಿ ಏನಿದೆ ಎಂದು ಯಾರೂ ನೋಡುತ್ತಿರಲಿಲ್ಲ. ಹಲಗೆಯ ಮೇಲೆ ಉಜ್ಜಿ ಉಜ್ಜಿ ಬೆರಳಿಗಿಂತ ಸಣ್ಣಗೆ, ಮೊಳದುದ್ದ ಮಾಡಿದೆ. ತಟ್ಟೆಯಲ್ಲಿ ನೇರವಾಗಿ ಇಟ್ಟೆ. ತಲೆ ತಟ್ಟೆಯ ಅಂಚಿನಾಚೆ ಒಂದಿಷ್ಟು ಚಾಚಿಕೊಂಡಿತು. ಓಬಳೇಶ ಬಾಯಿ ತೆರೆದು ನೋಡಿದ. ಅಷ್ಟು ಸಾಕಿತ್ತು ನನಗೆ.

ಆಮೇಲೆ ಹೆಂಗಸರು ತಲೆಗೆ ನೀರು ಹಾಕಿಕೊಳ್ಳಲು ಹಿತ್ತಲಿಗೆ ಹೋದರು. ಕೇರಿಯ ಮಕ್ಕಳು ತಮ್ಮ ತಮ್ಮ ಮನೆಗೆ ಹೋದರು. ಹಾವಿನ ತಟ್ಟೆಯ ಮೇಲೆ ಬಿಳಿ ಬಟ್ಟೆ ಮುಚ್ಚಿ ನಡುಮನೆಯಲ್ಲಿಟ್ಟು, ಕೋಳಿ ಬರದಂತೆ ಕಾಯಲು ಕೆಂಚಿಯನ್ನು ಕೂರಿಸಿದರು. ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ, ಒಂದರ ಜೊತೆ ಒಂದು ಕೂಡುವುದಿಲ್ಲ. ಮೊದಲನೆಯದರಲ್ಲಿ ನಾನು ಬೇಲಿಯ ಹತ್ತಿರ ಕಣಗಿಲೆ ಹೂ ಕೀಳುತ್ತಿದ್ದೇನೆ, ಹೂವಿನ ಹಾಲು ಬೆರಳಿಗೆ ಅಂಟುತ್ತಿದೆ, ಹಿಂದಿರುಗಿದಾಗ ಎಲ್ಲರೂ ಹೊರಟು ನಿಂತಿದ್ದಾರೆ. ಎರಡನೆಯದರಲ್ಲಿ ನಾನು ನಡುಮನೆಯ ನೆಲದ ಮೇಲೆ ಮಂಡಿಯೂರಿದ್ದೇನೆ, ಕೆಂಚಿ ಅಲ್ಲಿಲ್ಲ, ಬಟ್ಟೆಯ ಒಂದು ತುದಿ ಎತ್ತಿದೆ, ನನ್ನ ಬಾಯಲ್ಲಿ ಎಳ್ಳಿನ ಕಹಿ ಸಿಹಿ. ಆದರೆ ಬೆಳಗಿನಿಂದ ಅದೇ ಕೈಯನ್ನು ಎಷ್ಟು ಸಲ ನೆಕ್ಕಿದ್ದೆನೋ. ಬಾಯಲ್ಲಿ ಎಳ್ಳು ಇದ್ದದ್ದು ಯಾವುದಕ್ಕೂ ಸಾಕ್ಷಿಯಲ್ಲ.

ಹುತ್ತ ರೊಪ್ಪದ ಹಿಂದೆ, ತಂಗಡಿ ಗಿಡಗಳ ನಡುವೆ ಇತ್ತು. ಪಂಚಮಿಗೆ ತವರಿಗೆ ಬಂದಿದ್ದ ಅತ್ತೆ, ಅಂದರೆ ಕೆಂಚಿಯ ತಾಯಿ, ಹಾಲಿನ ಗಿಂಡಿ ಹಿಡಿದಿದ್ದಳು. ತಟ್ಟೆಯನ್ನು ಅಲ್ಲಿಯವರೆಗೆ ಹೊತ್ತು ತಂದವರು ಯಾರೆಂದು ನನಗೆ ಗೊತ್ತಿಲ್ಲ. ಅಜ್ಜಿ ಬಟ್ಟೆ ತೆಗೆದಳು. ಹೆಡೆಗೆ ಅರಿಶಿನದ ದಾರ ಸುತ್ತಬೇಕಿತ್ತು. ಕಣ್ಣು ಕಾಣದ್ದರಿಂದ ಬಾಲದ ತುದಿ ಹಿಡಿದು, ಬೆರಳಿಂದ ಸವರುತ್ತಾ, ಸವರುತ್ತಾ ಮುಂದಕ್ಕೆ ಬಂದಳು. ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂದು ಅಲ್ಲೇ ನಿಂತಿತು.

"ತಲೆ ಎಲ್ಲೈತೆ?"

ಚಿಕ್ಕವ್ವ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಆಮೇಲೆ ಅಜ್ಜಿ ನನ್ನ ಕಡೆ ಮುಖ ಮಾಡಿ ಇನ್ನೊಂದು ಪ್ರಶ್ನೆ ಕೇಳಿದಳು. ಅದಕ್ಕೆ ನಾನು, "ಕೆಂಚಿ" ಎಂದೆ. ಉತ್ತರ ನೆನಪಿದೆ. ಪ್ರಶ್ನೆ ನೆನಪಿಲ್ಲ. ತಟ್ಟೆ ಕಾಯ್ತಿದ್ದೋರು ಯಾರು ಎಂದು ಕೇಳಿದ್ದರೆ ನಾನು ಹೇಳಿದ್ದು ನಿಜ. ತಿಂದೋರು ಯಾರು ಎಂದು ಕೇಳಿದ್ದರೆ ನಾನು ನೋಡದ್ದನ್ನು ಹೇಳಿದೆ. ಎರಡಕ್ಕೂ ಅದೇ ಹೆಸರು ಸರಿಹೊಂದುತ್ತದೆ. ಮುಂದೆ ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದೆ. ಬೆಂಚು ಮುರಿದದ್ದು ಯಾರು, ಮಸಿ ಚೆಲ್ಲಿದ್ದು ಯಾರು ಎಂದು ಕೇಳಿದಾಗಲೆಲ್ಲ ಮಕ್ಕಳ ಬಾಯಿಂದ ತಟ್ಟನೆ ಒಂದು ಹೆಸರು ಬರುತ್ತಿತ್ತು. ಬಹಳ ಸಲ ಅದು ಬೇರೆ ಊರಿಂದ ಬಂದು ಯಾರದೋ ಮನೆಯಲ್ಲಿ ಉಳಿದು ಓದುವ ಮಗುವಿನ ಹೆಸರಾಗಿರುತ್ತಿತ್ತು. ಆ ಹೆಸರು ಕೇಳಿದೊಡನೆ ನಾನು ವಿಚಾರಣೆ ನಿಲ್ಲಿಸಿ ಪಾಠ ಶುರು ಮಾಡುತ್ತಿದ್ದೆ. ಸಹೋದ್ಯೋಗಿಗಳು ನನಗೆ ಶಿಸ್ತಿಲ್ಲ ಎನ್ನುತ್ತಿದ್ದರು.

ಕೆಂಚಿ ಅಳಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅಥವಾ ಅಂದಿರಬಹುದು, ನನಗೆ ಕೇಳಿಸಿರಲಿಕ್ಕಿಲ್ಲ. ತಲೆಯಿಲ್ಲದ ಹಾವಿಗೇ ಹಾಲೆರೆದು ಮನೆಗೆ ಬಂದೆವು. ಹಲಗೆಯ ಮೇಲಿನ ಕುರಿಗಳನ್ನು ಅವತ್ತು ಯಾರೂ ತಿನ್ನಲಿಲ್ಲ. ಸಂಜೆಯ ಹೊತ್ತಿಗೆ ಕೆಂಪಿರುವೆ ಮುತ್ತಿದ್ದವು.

ಆದದ್ದು ಇಷ್ಟೇ ಆಗಿದ್ದರೆ ಮುಂದಿನ ಪಂಚಮಿಯ ಹೊತ್ತಿಗೆ ಅದು ನಗೆಯ ಮಾತಾಗಿರುತ್ತಿತ್ತು. ಎಂಟೋ ಹತ್ತೋ ದಿನದ ಮೇಲೆ ಚಿಕ್ಕವ್ವನಿಗೆ ನೋವು ಬಂತು. ಯಾರದೋ ಜೀಪಿನಲ್ಲಿ ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ಚಿಕ್ಕಪ್ಪ, ಚಿಕ್ಕವ್ವ ಇಬ್ಬರೇ ಹಿಂದಿರುಗಿದರು. ಚಿಕ್ಕವ್ವ ಅದೇ ಕಂಬಕ್ಕೆ ಒರಗಿ ಕೂತಳು, ಅವಳಿಗೆ ಯಾರು ಎದುರು ಬಂದರೂ ಗೊತ್ತಾಗುತ್ತಿರಲಿಲ್ಲ. ಹಾವಿಗೆ ನೋವಾದ ಮನೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಕಡೆ ಯಾರಿಗೂ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಮನೆಯಲ್ಲಿ ಒಬ್ಬರೂ ಬಾಯಿಬಿಟ್ಟು ಅನ್ನಲಿಲ್ಲ. ಅಜ್ಜಿ ಮಾತ್ರ, ಕೆಂಚಿ ಸ್ವಲ್ಪ ದಿನ ಊರಿಗೆ ಹೋಗಿ ಬರಲಿ ಎಂದಳು. ಅತ್ತೆಗೆ ಹೇಳಿಕಳಿಸಿದರು. ಅತ್ತೆ ಬಂದವಳು ಪಡಸಾಲೆಗೂ ಹತ್ತಲಿಲ್ಲ, ಕಟ್ಟೆಯ ಕೆಳಗೇ ನಿಂತಿದ್ದಳು.

"ಒಳಗೆ ಬಾರೆ, ಕುಂತ್ಕ, ನೀರು ಕುಡಿ," ಎಂದಳು ಅಜ್ಜಿ.

"ಬ್ಯಾಡವ್ವ. ನನ್ ಮಗ್ಳು ತಿಂದಿದ್ರೂ ನನ್ ಜೊತೆ ಬರ್ತಾಳೆ, ತಿನ್ನದಿದ್ರೂ ಬರ್ತಾಳೆ. ಕಳ್ಸು."

"ನಾನೇನಾದ್ರೂ ಅಂದ್ನೇನೆ?"

"ಏನೂ ಅಂದಿಲ್ಲ. ಅದ್ಕೇ ಬಂದಿದೀನಿ."

ಕೆಂಚಿ ಎರಡು ಲಂಗ, ಒಂದು ಹೊದಿಕೆ ಗಂಟು ಕಟ್ಟಿದಳು. ಪುಸ್ತಕಗಳನ್ನು ಒಂದೊಂದಾಗಿ ನೋಡಿ ನನ್ನ ಕಡೆ ಸರಿಸಿದಳು.

"ಲೆಕ್ಕದ ಪುಸ್ತಕ ನೀನೇ ಇಟ್ಕ. ಮುಂದಿನ ಪಾಠದ್ದೂ ಮಾಡಿಟ್ಟಿದೀನಿ, ಉತ್ರ ಎಲ್ಲ ಅವೆ."

"ಯಾವಾಗ ಬರ್ತೀಯ?"

"ಸ್ವಲ್ಪ ದಿನ ಅಂತ ಅಜ್ಜಿನೇ ಅಂದೈತಲ್ಲ."

ಅವಳು ಬರಲಿಲ್ಲ. ಅರ್ಧ ವಾರ್ಷಿಕ ಪರೀಕ್ಷೆಯವರೆಗೂ ನಾನು ಆ ಪುಸ್ತಕ ನೋಡಿ ಬರೆದೆ, ಒಳ್ಳೆಯ ಅಂಕ ಬಂದವು. ಅವಳು ತಾಳ್ಯದ ಆಚೆ ಕುರಿ ಕಾಯ್ದಳು, ಹದಿನಾರಕ್ಕೆ ಮದುವೆಯಾದಳು. ನಾನು ಓದಿ ಕೆಲಸ ಹಿಡಿದೆ. ಈಗ ದುರ್ಗದಲ್ಲಿ ಎರಡು ಕೋಣೆಯ ಮನೆ. ಮಹಡಿ ಹತ್ತಿದರೆ ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಮದುವೆ ಮುಂಜಿಗಳಲ್ಲಿ ನಾವು ಭೇಟಿಯಾಗುತ್ತಿದ್ದೆವು, ಏನೇ ಸಣ್ಣಗಾಗಿದೀಯ, ಏನೇ ದಪ್ಪಗಾಗಿದೀಯ ಎಂದು ಮಾತಾಡಿಸಿಕೊಳ್ಳುತ್ತಿದ್ದೆವು. ಹಾವಿನ ಮಾತು ಮಾತ್ರ ಒಂದು ಸಲವೂ ಬರಲಿಲ್ಲ.

ಬೇರೆಯವರನ್ನು ನಾನು ಕೇಳಿದ್ದೇನೆ. ಅವ್ವ ಸಾಯುವ ಮುಂಚೆ ಕೇಳಿದಾಗ, ಹಾವು ಗೀವು ಏನೂ ಇರಲಿಲ್ಲ, ಅಜ್ಜಿಗೆ ಕೆಂಚಿಯ ಅಪ್ಪನ ಮೇಲೆ ಸಿಟ್ಟಿತ್ತು, ಅದಕ್ಕೇ ಹುಡುಗಿಯನ್ನು ಕಳಿಸಿದರು ಎಂದಳು. ಓಬಳೇಶ ಹೊಸದುರ್ಗದಲ್ಲೇ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಅವನು ನಕ್ಕುಬಿಟ್ಟ: "ನಾನೇ ತಿಂದಿರ್ತೀನಿ ಬಿಡಕ್ಕ, ನಾನು ಏನ್ ಬಿಟ್ಟಿದೀನಿ?" ತಿಂದದ್ದು ನೆನಪಿದೆಯೇ ಎಂದರೆ, ತಿಂದದ್ದನ್ನೆಲ್ಲ ನೆನಪಿಟ್ಟುಕೊಂಡರೆ ತಲೆ ಹಿಡಿಯುತ್ತದೆಯೇ ಎಂದ. ಹಾವು ಅಷ್ಟು ಸಣ್ಣಗಿದ್ದರೆ ತಲೆ ತಾನೇ ಮುರಿದು ಬಿದ್ದಿರಬೇಕು, ಕೋಳಿ ತಿಂದಿರಬೇಕು ಎಂದಳು ಅವನ ಹೆಂಡತಿ, ಈ ಕಥೆಯಲ್ಲಿ ಇಲ್ಲದೇ ಇದ್ದವಳು. ಎಲ್ಲಕ್ಕಿಂತ ಸರಿಯಾದ ಮಾತು ಅದೇ ಇರಬಹುದು. ಹಾಗಾದರೆ ಉದ್ದ ಎಳೆದವಳು ನಾನು. ಚಿಕ್ಕವ್ವನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಒಂದು ದಿನ, ಅವರೆಕಾಯಿ ಸುಲಿಯುತ್ತಾ, ಯಾರೂ ಕೇಳದೆ ಹೇಳಿದಳು.

"ಅವತ್ತು ಕೆಂಚಿ ಮಾಡ್ಕೊಟ್ಟಿದ್ ಮರಿ ಐತಲ್ಲ, ಬಿಳೇದು. ಅದನ್ನ ನಾನು ತಿಂದೆ ಕಣೆ ಸಾವಿತ್ರಿ. ಮುದ್ದಾಗೈತೆ, ಇಟ್ಕಳಾಣ ಅಂದ್ಕಂಡಿದ್ದೆ, ಹಸಿವು ತಡೀನಿಲ್ಲ. ನಾನೇ ತಿಂದೆ ನನ್ ಮರೀನ."

ಅವಳಿಗೆ ಆಮೇಲೆ ಮಕ್ಕಳಾಗಲಿಲ್ಲ. ಇಡೀ ಮನೆ ಹಾವಿನ ತಲೆ ತಿಂದವರನ್ನು ಹುಡುಕುತ್ತಿದ್ದಾಗ ಅವಳು ಒಬ್ಬಳೇ ಬೇರೆ ಲೆಕ್ಕ ಹಾಕುತ್ತಿದ್ದಳು. ಅವರೆಕಾಯಿಯ ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡೆ, ಇಬ್ಬರೂ ಸುಲಿದೆವು.

ಹೋದ ವರ್ಷ ಪಂಚಮಿಗೆ ನಾನು ತಾಳ್ಯದ ಕಡೆ ಹೋದೆ. ದುರ್ಗದಿಂದ ಹೊಳಲ್ಕೆರೆಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಇಳಿದು ಆಟೋ. ಮಂಡಿನೋವು. ಕೇಳಿ ಮುಗಿಸಿಬಿಡಬೇಕು ಎಂದಷ್ಟೇ ಇತ್ತು, ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಕೆಂಚಿಯ ಮನೆಗೆ ಈಗ ಸಿಮೆಂಟಿನ ಪಡಸಾಲೆ, ಒಳಗೆ ಗ್ಯಾಸ್ ಒಲೆ. ಅದು ಅವತ್ತು ಉರಿಯುತ್ತಲೇ ಇತ್ತು, ಅದರ ಮೇಲೆ ಹಾಲಿತ್ತು. ಪಡಸಾಲೆಯಲ್ಲಿ ಮೊಮ್ಮಕ್ಕಳು, ಅಕ್ಕಪಕ್ಕದ ಮಕ್ಕಳು, ಏಳೆಂಟು ಜನ. ಮಿಕ್ಸಿಯಲ್ಲಿ ಮಾಡಿದ ಚಿಗಳಿ, ಬಾಳೆಹಣ್ಣು, ಬಿಸ್ಕತ್ತು, ಒಣದ್ರಾಕ್ಷಿ, ಎಲ್ಲವನ್ನೂ ಹರಡಿಕೊಂಡು ಪ್ರಾಣಿ ಮಾಡುತ್ತಿದ್ದರು. ಒಬ್ಬಳು ಫೋನ್ ಗೋಡೆಗೆ ಒರಗಿಸಿಟ್ಟು ಅದರಲ್ಲಿ ನೋಡಿ ಬಾಳೆಹಣ್ಣಿನ ಮೀನು ಮಾಡುತ್ತಿದ್ದಳು. ನಡುವೆ ಕೆಂಚಿ, ಕಾಲು ಚಾಚಿಕೊಂಡು.

"ಬಾರೆ ಸಾವಿತ್ರಿ. ಏನ್ ದಾರಿ ತಪ್ಪಿ ಬಂದೆ? ಲೇ, ಈ ಅಜ್ಜಿಗೆ ಕುರ್ಚಿ ತರ್ರಲೆ, ಇವ್ಳು ಟೀಚರ್ರು, ನೆಲದ ಮೇಲೆ ಕುಂತ್ರೆ ಏಳಾಕಾಗಲ್ಲ."

ನಾನು ನೆಲದ ಮೇಲೇ ಕೂತೆ. ಅವಳ ಕೈ ಚಿಗಳಿಯಲ್ಲಿ ಏನೋ ತಿದ್ದುತ್ತಿತ್ತು. ಮಕ್ಕಳ ಗದ್ದಲದಲ್ಲಿ ಕೇಳುವುದೇ ಮೇಲೆಂದು, ಪೀಠಿಕೆ ಹಾಕದೆ ಕೇಳಿದೆ. ಅವತ್ತು ಅಜ್ಜಿ ನನ್ನನ್ನು ಕೇಳಿದ್ದು ಏನು? ನಾನು ನಿನ್ನ ಹೆಸರು ಹೇಳಿದ್ದಕ್ಕೇ ನಿನ್ನ ಶಾಲೆ ತಪ್ಪಿತಾ? ಅವಳ ಕೈ ನಿಲ್ಲಲಿಲ್ಲ.

"ಅದಾ? ಅದು ನಾನೇ ತಿಂದಿದ್ದು ಕಣೆ. ಹಸಿವಾಗಿತ್ತು, ತಲೆ ಆಚೆ ಚಾಚ್ಕಂಡಿತ್ತು, ಮುರ್ಕಂಡು ಬಾಯಿಗಾಕ್ಕಂಡೆ. ನೀನು ಹೇಳಿದ್ದು ಸರೀನೇ."

"ನಿಜವಾಗ್ಲೂ?"

"ಹೂಂ ಅಂದ್ನಲ್ಲ."

"ನೀನು ಓದ್ಬೇಕಿತ್ತು ಕೆಂಚಿ. ನನ್ಗಿಂತ ಮುಂದಿದ್ದೆ ನೀನು."

"ಓದಿ ನೀನೇನ್ ಮಾಡ್ದೆ? ಐವತ್ತು ವರ್ಷ ಆದ್ಮೇಲೆ ಎರಡು ಬಸ್ ಹತ್ತಿ ಇದನ್ ಕೇಳಕ್ ಬಂದೆ."

ಮಕ್ಕಳು ನಕ್ಕರು, ನಾನೂ ನಕ್ಕೆ. ಅವಳ ಸೊಸೆ ಟೀ ತಂದುಕೊಟ್ಟಳು. ಊಟ ಮಾಡಿಕೊಂಡು ಹೋಗು ಎಂದು ಕೆಂಚಿ ಬಹಳ ಒತ್ತಾಯ ಮಾಡಿದಳು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವಳು ಹೇಳಿದಂತೆಯೇ ಏಳಲಾಗಲಿಲ್ಲ, ಇಬ್ಬರು ಮಕ್ಕಳು ಕೈ ಹಿಡಿದು ಎಬ್ಬಿಸಿದರು. ನಾನು ನಿರಾಳವಾಗಬೇಕಿತ್ತು. ಹೊಸ್ತಿಲು ದಾಟಿ, ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಬಾಳೆಹಣ್ಣಿನ ಮೀನು ಮಾಡುತ್ತಿದ್ದ ಹುಡುಗಿಯ ದನಿ ಕೇಳಿಸಿತು.

"ಅಜ್ಜಿ, ನೀನು ನಿಜವಾಗ್ಲೂ ಹಾವಿನ್ ತಲೆ ತಿಂದಿದ್ದೇನು?"

"ಪಾಪ, ಅಷ್ಟು ದೂರದಿಂದ ಬಂದಾಳೆ ಕಣಲೆ. ಇನ್ನೇನ್ ಹೇಳ್ಲಿ?"

ನಾನು ತಿರುಗಿ ಒಳಗೆ ಹೋಗಬಹುದಿತ್ತು. ಆಟೋದವನು ಹಾರ್ನ್ ಹೊಡೆಯುತ್ತಿದ್ದ, ನನ್ನ ಮಂಡಿ ಉರಿಯುತ್ತಿತ್ತು, ಮೂರು ಮೆಟ್ಟಿಲು ಹತ್ತಬೇಕಿತ್ತು. ಹತ್ತಲಿಲ್ಲ. ಅವಳು ನನಗೆ ಸುಳ್ಳು ಹೇಳಿದಳೋ, ಮೊಮ್ಮಗಳ ಮುಂದೆ ಮಾನ ಉಳಿಸಿಕೊಳ್ಳಲು ಅವಳಿಗೆ ಸುಳ್ಳು ಹೇಳಿದಳೋ ನನಗೆ ಗೊತ್ತಿಲ್ಲ. ನನಗೆ ಕೇಳಿಸಲೆಂದೇ ಆ ಮಾತು ಆಡಿದಳೋ, ನಾನ್ಯಾವಾಗಲೋ ಹೋದೆ ಎಂದುಕೊಂಡು ಆಡಿದಳೋ, ಅದೂ ಗೊತ್ತಿಲ್ಲ.